ಗುಣವಾದ ಮೇಲೆ ಪ್ಲಾಸ್ಮಾ ಕೊಡುವವರಿಗೆ: ಮೊದಲು ದಿನಾಂಕ ಬರೆದಿಡಿ

ರಕ್ತದಿಂದ ಬೇಕಾದ ಭಾಗವನ್ನಷ್ಟೇ ತೆಗೆದು ಮಿಕ್ಕದ್ದನ್ನು ಮೈಗೆ ಮರಳಿಸುವ ಅಫೆರಿಸಿಸ್ ಮೆಷಿನ್ ಪಕ್ಕದಲ್ಲಿ ಕೂರುವುದು ನನ್ನ ಕೆಲಸ. ದಾನಿಯ ತೋಳಿಗೆ ಸೂಜಿ ಹಾಕುತ್ತೇನೆ. ಮುಗಿಯುವ ತನಕ ಅಲ್ಲೇ ಇರುತ್ತೇನೆ. ಬ್ಯಾಗು ತುಂಬಿದ ಮೇಲೆ ಸೀಲ್ ಮಾಡಿ ಫ್ರೀಜರಿಗೆ ಕಳಿಸುತ್ತೇನೆ. ಕೊರೋನಾ ಬರುವ ಮುಂಚೆ ನಮ್ಮಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಪ್ಲೇಟ್‌ಲೆಟ್ ಕೊಡುವವರು. 2020ರಲ್ಲಿ ಕಾಯಿಲೆಯಿಂದ ಎದ್ದವರು ಸಾಲಾಗಿ ಬಂದು, "ಸಿಸ್ಟರ್, ನನ್ನ ಪ್ಲಾಸ್ಮಾ ತಗೊಳ್ಳಿ" ಎನ್ನತೊಡಗಿದರು. ಆ ಕಾಯಿಲೆ ನನಗೂ ಬಂತು, ವಾಸಿಯಾಯಿತು. ಅದೇ ಕುರ್ಚಿಯಲ್ಲಿ ನಾನೂ ಎರಡು ಸಲ ಕೂತು ಕೊಟ್ಟೆ. ಮೂರನೇ ಸಲ ನನ್ನನ್ನು ವಾಪಸ್ ಕಳಿಸಿದರು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೊಸ ಕಾಯಿಲೆಗಳು ಮತ್ತೆ ಬರುತ್ತವೆ. ಔಷಧಿ, ಲಸಿಕೆ ಸಿದ್ಧವಾಗುವ ಮೊದಲಿನ ತಿಂಗಳುಗಳಲ್ಲಿ ವೈದ್ಯರ ಕೈಗೆ ಸಿಗುವುದು ಕೆಲವೇ ಕೆಲವು. ಗುಣವಾದವರ ಪ್ಲಾಸ್ಮಾ ಅವುಗಳಲ್ಲಿ ಒಂದು. ಆ ಹೊತ್ತಿಗೆ ನೀವು ಗುಣವಾದವರ ಪೈಕಿ ಇದ್ದರೆ ಏನು ಮಾಡಬೇಕು, ಏನು ಮಾಡಬಾರದು ಅನ್ನುವುದು ಈಗಲೇ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಏನಿದು ಪ್ಲಾಸ್ಮಾ?

ರಕ್ತದಿಂದ ಕಣಗಳನ್ನೆಲ್ಲ ತೆಗೆದರೆ ಉಳಿಯುವ ತಿಳಿಹಳದಿ ದ್ರವವೇ ಪ್ಲಾಸ್ಮಾ. ರಕ್ತದಲ್ಲಿ ಸುಮಾರು ಶೇ 55ರಷ್ಟು ಇದೇ ಇರುತ್ತದೆ. ಅದರಲ್ಲಿ ನೂರಕ್ಕೆ 90 ಪಾಲು ಬರೀ ನೀರು. ಮಿಕ್ಕದ್ದರಲ್ಲಿ ಮುಖ್ಯವಾದವು ಪ್ರೋಟೀನುಗಳು. ಆ ಪ್ರೋಟೀನುಗಳಲ್ಲೇ ಆಂಟಿಬಾಡಿಗಳೂ ಸೇರಿರುತ್ತವೆ. ಒಂದು ವೈರಸ್ ಜೊತೆ ಸೆಣಸಿ ಎದ್ದ ದೇಹ, ಆ ವೈರಸನ್ನೇ ಗುರುತು ಹಿಡಿಯುವ ಆಂಟಿಬಾಡಿಗಳನ್ನು ತಯಾರಿಸಿಕೊಂಡಿರುತ್ತದೆ. ಇನ್ನೂ ತಯಾರಿಸಿಕೊಳ್ಳದ ರೋಗಿಗೆ ಆ ಪ್ಲಾಸ್ಮಾವನ್ನು ಕೊಟ್ಟರೆ ಕೈಗಡ ಕೊಟ್ಟ ಹಾಗೆ. ಅವರ ದೇಹ ತನ್ನದೇ ಆಂಟಿಬಾಡಿ ತಯಾರಿಸಿಕೊಳ್ಳುವ ತನಕ ಇದು ಕೆಲಸ ನಡೆಸುತ್ತದೆ.

ಈ ಯೋಚನೆ ಹೊಸದಲ್ಲ. ಡಿಫ್ತೀರಿಯಾ, ಧನುರ್ವಾಯುಗಳನ್ನು ತಡೆದುಕೊಂಡ ಪ್ರಾಣಿಯ ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಇನ್ನೊಂದು ಪ್ರಾಣಿಯನ್ನೂ ಕಾಪಾಡುತ್ತದೆ ಅಂತ ವಿಜ್ಞಾನಿಗಳಾದ ಬೆರಿಂಗ್ ಮತ್ತು ಕಿಟಸಾಟೊ ಬರ್ಲಿನ್‌ನಲ್ಲಿ ತೋರಿಸಿದ್ದು 1890ರಲ್ಲಿ. 1901ರಲ್ಲಿ ವೈದ್ಯಕೀಯಕ್ಕೆ ಕೊಟ್ಟ ಮೊಟ್ಟಮೊದಲ ನೊಬೆಲ್ ಬೆರಿಂಗ್ ಅವರಿಗೆ ಬಂದದ್ದು ಇದೇ ಸೀರಮ್ ಚಿಕಿತ್ಸೆಗೆ.

ಬರೆದಿಡಬೇಕಾದ ದಿನಾಂಕಗಳು

ಕುರ್ಚಿಯಲ್ಲಿ ಕೂತವರನ್ನು ನಾನು ಮೊದಲು ಕೇಳುವುದು ರಕ್ತದ ಗುಂಪನ್ನಲ್ಲ. "ಜ್ವರ ಶುರುವಾದದ್ದು ಯಾವತ್ತು? ಪೂರ್ತಿ ಸರಿಹೋದದ್ದು ಯಾವತ್ತು?" ಹತ್ತರಲ್ಲಿ ಏಳೆಂಟು ಜನ ಅಲ್ಲೇ ನಿಲ್ಲುತ್ತಾರೆ. "ಸುಮಾರು ಒಂದು ತಿಂಗಳಾಯ್ತು", "ಆ ಹಬ್ಬದ ಹಿಂದುಮುಂದು" ಅನ್ನುತ್ತಾರೆ. ಹುಷಾರಿಲ್ಲದಾಗ ದಿನ ಯಾವುದು ಅಂತ ಯಾರಿಗೆ ನೆನಪಿರುತ್ತದೆ, ಹೇಳಿ. ಆದರೆ ನಿಮ್ಮ ಪ್ಲಾಸ್ಮಾದ ಬೆಲೆ ನಿಂತಿರುವುದು ಆ ದಿನಗಳ ಮೇಲೆ.

ಹಾಗಾಗಿ ಕಾಯಿಲೆ ಬಂದ ದಿನದಿಂದಲೇ ಒಂದು ಹಾಳೆಯಲ್ಲೋ ಫೋನಿನಲ್ಲೋ ಬರೆದಿಡಿ. ಮೊದಲ ಲಕ್ಷಣ ಕಂಡ ದಿನ. ಪರೀಕ್ಷೆಗೆ ಸ್ಯಾಂಪಲ್ ಕೊಟ್ಟ ದಿನ ಮತ್ತು ಅದರ ರಿಪೋರ್ಟು. ಆಸ್ಪತ್ರೆ ಸೇರಿದ್ದರೆ ಮನೆಗೆ ಬಂದ ದಿನ. ಕೊನೆಯ ಲಕ್ಷಣವೂ ಹೋದ ದಿನ. ಲಸಿಕೆ ಏನಾದರೂ ಹಾಕಿಸಿಕೊಂಡಿದ್ದರೆ ಅದರ ಹೆಸರು, ದಿನ. ರಿಪೋರ್ಟನ್ನು ಎಸೆಯಬೇಡಿ. ಕಾಯಿಲೆ ಬಂದದ್ದು ಅದೇ ಅನ್ನುವುದಕ್ಕೆ ಪುರಾವೆ ಇಲ್ಲದಿದ್ದರೆ ಎಷ್ಟೋ ಕಡೆ ಮುಂದಿನ ಮಾತೇ ಇಲ್ಲ.

ದಿನಗಳ ಲೆಕ್ಕ ಯಾಕೆ ಇಷ್ಟು ಮುಖ್ಯ? ಆಂಟಿಬಾಡಿ ಒಂದೇ ದಿನದಲ್ಲಿ ಬರುವುದಿಲ್ಲ. ಸಾಮಾನ್ಯವಾಗಿ ಎರಡು ಮೂರು ವಾರ ಏರುತ್ತಾ ಹೋಗುತ್ತದೆ, ಕೆಲವು ವಾರ ಮೇಲೇ ಇರುತ್ತದೆ, ಆಮೇಲೆ ಇಳಿಯುತ್ತದೆ. ನಮಗೆ ಬೇಕಾದದ್ದು ಹೆಚ್ಚಾಗಿ ಐಜಿಜಿ ಅನ್ನುವ ಬಗೆಯ ಆಂಟಿಬಾಡಿ. ಅದರ ಅರ್ಧ ಆಯಸ್ಸು ಸುಮಾರು ಮೂರು ವಾರ. ಅಂದರೆ ದೇಹ ಹೊಸದಾಗಿ ತಯಾರಿಸದೆ ಇದ್ದರೆ ಮೂರು ವಾರಕ್ಕೊಮ್ಮೆ ಅರ್ಧರ್ಧವಾಗುತ್ತದೆ. ದೇಹ ಸ್ವಲ್ಪ ಕಾಲ ತಯಾರಿಸುತ್ತಲೇ ಇರುತ್ತದೆ ನಿಜ, ಆದರೂ ತಿಂಗಳುಗಳು ಕಳೆದಂತೆ ಮಟ್ಟ ಇಳಿಯುತ್ತದೆ. ಒಬ್ಬೊಬ್ಬರಿಗೆ ಒಂದೊಂದು ತರ. ಜೋರಾಗಿ ಕಾಯಿಲೆ ಬಿದ್ದವರಲ್ಲಿ ಹೆಚ್ಚಾಗಿ ಮಟ್ಟ ಜಾಸ್ತಿ ಇರುತ್ತದೆ. ಒಂದೆರಡು ದಿನ ನೆಗಡಿಯಂತೆ ಬಂದು ಹೋದವರಲ್ಲಿ ಕಡಿಮೆ ಇರಬಹುದು.

ನನ್ನದೇ ಉದಾಹರಣೆ ಹೇಳುತ್ತೇನೆ. ಮೊದಲ ಸಲ ಕೊಟ್ಟದ್ದು ಲಕ್ಷಣ ಶುರುವಾದ ಆರನೇ ವಾರದಲ್ಲಿ. ಎರಡನೆಯದು ಒಂಬತ್ತನೇ ವಾರದಲ್ಲಿ. ಮೂರನೇ ಸಲ ಹೋಗುವ ಹೊತ್ತಿಗೆ ಐದು ತಿಂಗಳಾಗಿತ್ತು. ಮೊದಲು ಒಂದು ಟ್ಯೂಬ್ ರಕ್ತ ತೆಗೆದು ಮಟ್ಟ ನೋಡಿದರು. ಬೇಕಾದ ಗೆರೆಗಿಂತ ಕೆಳಗಿತ್ತು. ತೋಳು ಅದೇ, ಮೆಷಿನ್ ಅದೇ, ಪ್ಲಾಸ್ಮಾದ ಬಣ್ಣವೂ ಅದೇ ಇರುತ್ತಿತ್ತು. ಒಳಗಿದ್ದದ್ದು ಮಾತ್ರ ಕರಗಿತ್ತು.

ಒಬ್ಬ ಹುಡುಗ ನಾಲ್ಕು ತಿಂಗಳ ಮೇಲೆ ಬಂದ. ಮೈ ಪೂರ್ತಿ ಗಟ್ಟಿಯಾಗಲಿ ಅಂತ ಕಾದಿದ್ದನಂತೆ. ಅವನಿಗೆ ಆಗುವುದಿಲ್ಲ ಅಂತ ಹೇಳುವಾಗ ನನಗೇ ಹೊಟ್ಟೆ ಉರಿಯಿತು. ಅವನಿಗೆ ಮೊದಲೇ ಯಾರಾದರೂ ಹೇಳಿದ್ದರೆ ಆಗುತ್ತಿತ್ತು ಅಲ್ವಾ?

ಹಾಗಂತ ಜ್ವರ ಬಿಟ್ಟ ಮಾರನೇ ದಿನವೇ ಓಡಬೇಡಿ. ಲಕ್ಷಣಗಳೆಲ್ಲ ಹೋದ ಮೇಲೆ ಇಷ್ಟು ದಿನ ಕಾಯಬೇಕು ಅನ್ನುವ ನಿಯಮ ಎಲ್ಲ ಕಡೆ ಇರುತ್ತದೆ. ಕೊರೋನಾದಲ್ಲಿ ಅದು ಕೆಲವು ಕಡೆ 14 ದಿನ, ಕೆಲವು ಕಡೆ 28 ದಿನ ಇತ್ತು. ಎಬೋಲಾದಂಥ ಕಾಯಿಲೆಯಲ್ಲಿ ಇನ್ನೂ ಬಿಗಿ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸೂಚನೆಯಂತೆ, ರಕ್ತದಲ್ಲಿ ವೈರಸ್ ಇಲ್ಲ ಅಂತ ಎರಡು ಸಲ ಪರೀಕ್ಷೆಯಲ್ಲಿ ಖಾತ್ರಿಯಾದವರಿಂದ ಮಾತ್ರ ತೆಗೆದುಕೊಳ್ಳಬೇಕಿತ್ತು. ಹೊಸ ಕಾಯಿಲೆಗೆ ಹೊಸ ಲೆಕ್ಕ ಬರುತ್ತದೆ. ಆ ಹೊತ್ತಿನ ನಿಯಮವನ್ನು ಪ್ಲಾಸ್ಮಾ ತೆಗೆಯುವ ಕೇಂದ್ರಕ್ಕೇ ಫೋನ್ ಮಾಡಿ ಕೇಳಿ. ಗುಣವಾದ ವಾರದಲ್ಲೇ ಫೋನ್ ಮಾಡಿ ಹೆಸರು ಬರೆಸಿಬಿಡಿ, ಅವರೇ ದಿನ ಹೇಳುತ್ತಾರೆ.

ರೋಗಿಯ ಕಡೆಯೂ ದಿನದ ಲೆಕ್ಕವೇ

ಇದನ್ನು ದಾನಿಗಳು ಯಾಕೆ ತಿಳಿದುಕೊಳ್ಳಬೇಕು ಅಂತ ಕೆಲವರು ಕೇಳುತ್ತಾರೆ. ತಿಳಿದುಕೊಂಡರೆ ಯಾವಾಗ, ಎಲ್ಲಿ ಕೊಡಬೇಕು ಅನ್ನುವ ನಿಮ್ಮ ತೀರ್ಮಾನವೇ ಬದಲಾಗುತ್ತದೆ.

ಅರ್ಜೆಂಟೀನಾದಲ್ಲಿ ಹುನಿನ್ ವೈರಸ್‌ನಿಂದ ಬರುವ ಒಂದು ರಕ್ತಸ್ರಾವದ ಜ್ವರವಿದೆ. 1979ರಲ್ಲಿ ಮೈಸ್ತೇಗಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ರೋಗಿಗಳಿಗೆ ಗುಣವಾದವರ ಪ್ಲಾಸ್ಮಾ ಕೊಟ್ಟರು, ಕೆಲವರಿಗೆ ಸಾಮಾನ್ಯ ಪ್ಲಾಸ್ಮಾ. ಸಾಮಾನ್ಯ ಪ್ಲಾಸ್ಮಾ ಪಡೆದವರಲ್ಲಿ ಶೇ 16.5 ಜನ ತೀರಿಕೊಂಡರು. ಗುಣವಾದವರ ಪ್ಲಾಸ್ಮಾ ಪಡೆದವರಲ್ಲಿ ಶೇ 1.1. ಈ ಎರಡು ಅಂಕಿಗಳನ್ನು ಮೊದಲ ಸಲ ಓದಿದಾಗ ನಾನು ಸುಮ್ನೆ ಕೂತುಬಿಟ್ಟೆ. ಆದರೆ ಅಲ್ಲಿ ಒಂದು ಷರತ್ತಿತ್ತು. ಪ್ಲಾಸ್ಮಾ ಕೊಟ್ಟದ್ದು ಕಾಯಿಲೆ ಶುರುವಾದ ಮೊದಲ ಎಂಟು ದಿನಗಳ ಒಳಗೆ.

ಕೊರೋನಾದಲ್ಲಿ ನಾವು ಈ ಪಾಠವನ್ನು ತಡವಾಗಿ ಕಲಿತೆವು. ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತಿತ್ತು. "ನಮ್ಮಪ್ಪ ವೆಂಟಿಲೇಟರ್ ಮೇಲಿದ್ದಾರೆ, ಹನ್ನೆರಡನೇ ದಿನ, ಹೇಗಾದರೂ ಪ್ಲಾಸ್ಮಾ ಕೊಡಿಸಿ." ಗುಣವಾದವರ ಮನೆಗಳಿಗೆ ಅವರು ಅಲೆದಾಡುತ್ತಿದ್ದರು. ಯಾರೋ ಪುಣ್ಯಾತ್ಮರು ನಿದ್ದೆಗೆಟ್ಟು ಬಂದು ಕೊಡುತ್ತಿದ್ದರು. ನಾವೂ ತೆಗೆದು ಕಳಿಸುತ್ತಿದ್ದೆವು. ಮೊದಮೊದಲು ಆಂಟಿಬಾಡಿ ಮಟ್ಟ ಅಳೆಯುವ ಅನುಕೂಲವೂ ಇರಲಿಲ್ಲ. ಆ ಬ್ಯಾಗುಗಳಲ್ಲಿ ಎಷ್ಟರಲ್ಲಿ ಸಾಕಷ್ಟು ಆಂಟಿಬಾಡಿ ಇತ್ತೋ ಇಲ್ಲವೋ ಅನ್ನುವ ನೋವು ನನಗೆ ಇವತ್ತಿಗೂ ಇದೆ.

ಆಮೇಲೆ ಬ್ರಿಟನ್ನಿನ ರಿಕವರಿ ಅಧ್ಯಯನ ಬಂತು. ಆಸ್ಪತ್ರೆಯಲ್ಲಿದ್ದ 11,558 ರೋಗಿಗಳು. ಪ್ಲಾಸ್ಮಾ ಪಡೆದವರಲ್ಲೂ ಪಡೆಯದವರಲ್ಲೂ 28 ದಿನಗಳಲ್ಲಿ ತೀರಿಕೊಂಡವರು ಶೇ 24. ವ್ಯತ್ಯಾಸವೇ ಇಲ್ಲ. ಆಸ್ಪತ್ರೆ ಸೇರುವಷ್ಟು ಹೊತ್ತಿಗೆ ಹೆಚ್ಚಿನವರ ದೇಹ ತನ್ನದೇ ಆಂಟಿಬಾಡಿ ತಯಾರಿಸಿಕೊಂಡಿರುತ್ತದೆ, ಹಾನಿ ಮಾಡುತ್ತಿರುವುದು ಬರೀ ವೈರಸ್ ಆಗಿರುವುದಿಲ್ಲ, ಮೈಯ ಉರಿಯೂತವೂ ಸೇರಿರುತ್ತದೆ. ಅದೇ ಅರ್ಜೆಂಟೀನಾದಲ್ಲಿ 160 ಜನ ವಯಸ್ಸಾದ ಕೊರೋನಾ ರೋಗಿಗಳ ಮೇಲೆ ಇನ್ನೊಂದು ಅಧ್ಯಯನ ನಡೆಯಿತು. ಲಕ್ಷಣ ಕಂಡ 72 ಗಂಟೆಯೊಳಗೆ, ಆಂಟಿಬಾಡಿ ಜಾಸ್ತಿ ಇರುವ ಪ್ಲಾಸ್ಮಾವನ್ನೇ ಆರಿಸಿ ಕೊಟ್ಟರು. ಉಸಿರಾಟದ ತೀವ್ರ ತೊಂದರೆ ಬಂದವರು ಪ್ಲಾಸ್ಮಾ ಪಡೆದವರಲ್ಲಿ ಶೇ 16, ಪಡೆಯದವರಲ್ಲಿ ಶೇ 31. ಬ್ರಿಟನ್ನಿನ ಅಧ್ಯಯನದಲ್ಲೂ ಇದರಲ್ಲೂ ಕೊಟ್ಟದ್ದು ಗುಣವಾದವರ ಪ್ಲಾಸ್ಮಾವನ್ನೇ.

2021ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊರೋನಾ ರೋಗಿಗಳಿಗೆ ಇದನ್ನು ವಾಡಿಕೆಯಾಗಿ ಕೊಡುವುದು ಬೇಡ ಅಂದಿತು. ಅದೇ ತಿಂಗಳು ಅಮೆರಿಕದಲ್ಲಿ ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಮಾತ್ರ, ಅದೂ ಆಂಟಿಬಾಡಿ ಜಾಸ್ತಿ ಇರುವ ಪ್ಲಾಸ್ಮಾವನ್ನು ಮಾತ್ರ ಉಳಿಸಿಕೊಂಡರು. ಆಂಟಿಬಾಡಿ ತಯಾರಿಸಲಾಗದವರಿಗೆ ಕೈಗಡ ಬೇಕೇ ಬೇಕು, ಅದು ಅರ್ಥವಾಗುವ ಮಾತು.

ಇದರಿಂದ ನಿಮಗೆ ನಾನು ಹೇಳುವುದು ಇಷ್ಟು. ಯಾರೋ ರಾತ್ರೋರಾತ್ರಿ ಕರೆದಾಗ ಕೊಡಲು ಕಾಯಬೇಡಿ. ಮುಂಚೆಯೇ ಹೋಗಿ ಕೇಂದ್ರಕ್ಕೆ ಕೊಟ್ಟಿಡಿ. ಪ್ಲಾಸ್ಮಾವನ್ನು ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿನ ಫ್ರೀಜರಿನಲ್ಲಿ ಒಂದು ವರ್ಷ ಇಡಬಹುದು. ಮಟ್ಟ ಅಳೆದು, ಸೋಂಕಿನ ಪರೀಕ್ಷೆಗಳೆಲ್ಲ ಮುಗಿದು, ಲೇಬಲ್ ಹಚ್ಚಿದ ಬ್ಯಾಗು ಫ್ರೀಜರಿನಲ್ಲಿ ಸಿದ್ಧವಾಗಿದ್ದರೆ ರೋಗಿಗೆ ಎರಡನೇ ದಿನವೋ ಮೂರನೇ ದಿನವೋ ಸಿಗುತ್ತದೆ. ಹುಡುಕಾಡಿ ತಂದ ಬ್ಯಾಗು ಹನ್ನೆರಡನೇ ದಿನ ಸಿಗುತ್ತದೆ.

ಮಟ್ಟ ಅಳೆಯುವ ಕೇಂದ್ರವನ್ನೇ ಆರಿಸಿಕೊಳ್ಳಿ. "ಟೈಟರ್ ನೋಡುತ್ತೀರಾ?" ಅಂತ ನೇರವಾಗಿ ಕೇಳಿ. ಟೈಟರ್ ಅಂದರೆ ಆಂಟಿಬಾಡಿ ಮಟ್ಟ. ಕೇಳುವುದು ನಿಮ್ಮ ಹಕ್ಕು. 2015ರಲ್ಲಿ ಗಿನಿ ದೇಶದಲ್ಲಿ 84 ಎಬೋಲಾ ರೋಗಿಗಳಿಗೆ ಗುಣವಾದವರ ಪ್ಲಾಸ್ಮಾ ಕೊಟ್ಟು ನೋಡಿದರು. ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಕೊಡುವ ಹೊತ್ತಿಗೆ ಆ ಪ್ಲಾಸ್ಮಾದಲ್ಲಿ ಆಂಟಿಬಾಡಿ ಎಷ್ಟಿತ್ತು ಅನ್ನುವುದು ಯಾರಿಗೂ ಗೊತ್ತಿರಲಿಲ್ಲ. ಅಷ್ಟು ಕಷ್ಟಪಟ್ಟು, ಬದುಕಿ ಬಂದವರು ಕೊಟ್ಟದ್ದು ಅದು.

ಯಾರು ಕೊಡಬಹುದು

ಸಾಮಾನ್ಯ ರಕ್ತದಾನದ ನಿಯಮಗಳೇ ಇಲ್ಲೂ ಬರುತ್ತವೆ. 18 ತುಂಬಿರಬೇಕು. ತೂಕ 50 ಕಿಲೋ ಅಥವಾ ಹೆಚ್ಚು. ಹಿಮೋಗ್ಲೋಬಿನ್ 12.5ರ ಆಸುಪಾಸು ಅಥವಾ ಮೇಲೆ. ಬಿಪಿ, ನಾಡಿ ಸರಿಯಿರಬೇಕು. ಮೇಲಿನ ವಯಸ್ಸಿನ ಮಿತಿ ಒಂದೊಂದು ದೇಶದಲ್ಲಿ ಒಂದೊಂದು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆ ಪ್ರತಿ ಸಲವೂ ಆಗುತ್ತದೆ. ಇತ್ತೀಚೆಗೆ ಹಚ್ಚೆ ಹಾಕಿಸಿಕೊಂಡಿದ್ದರೆ, ಆಪರೇಷನ್ ಆಗಿದ್ದರೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ.

ಎರಡು ವಿಷಯ ಮಾತ್ರ ಬಿಡಿಸಿ ಹೇಳಬೇಕು, ಯಾಕೆಂದರೆ ಜನ ಬೇಜಾರು ಮಾಡಿಕೊಳ್ಳುವುದು ಇವೆರಡರಿಂದಲೇ.

ಒಂದು, ರಕ್ತದ ಗುಂಪು. ಓ ಗುಂಪಿನವರು ಎಲ್ಲರಿಗೂ ಕೊಡಬಹುದು ಅಂತ ಕೇಳಿರುತ್ತೀರಿ. ಅದು ಕೆಂಪು ಕಣಗಳ ಮಾತು. ಪ್ಲಾಸ್ಮಾದಲ್ಲಿ ಲೆಕ್ಕ ತಿರುಗುಮುರುಗು. ಎಬಿ ಗುಂಪಿನವರ ಪ್ಲಾಸ್ಮಾ ಎಲ್ಲರಿಗೂ ಆಗುತ್ತದೆ. ಓ ಗುಂಪಿನದ್ದು ಓ ಗುಂಪಿನ ರೋಗಿಗೆ ಮಾತ್ರ. ಓ ಪ್ಲಾಸ್ಮಾದಲ್ಲಿ ಎ ಮತ್ತು ಬಿ ಎರಡರ ವಿರುದ್ಧವೂ ಆಂಟಿಬಾಡಿ ಇರುತ್ತದಲ್ಲ, ಅದಕ್ಕೆ. ನಾನು ಓ. ನನ್ನ ಎರಡು ಬ್ಯಾಗುಗಳೂ ಓ ರೋಗಿಗಳಿಗೇ ಹೋಗಿರಬೇಕು. ಓ ಗುಂಪಿನ ರೋಗಿಗಳೂ ಬೇಕಾದಷ್ಟು ಜನ ಇರುತ್ತಾರೆ, ಹಿಂಜರಿಯಬೇಡಿ.

ಇನ್ನೊಂದು, ಗರ್ಭ ಧರಿಸಿದ್ದ ಹೆಂಗಸರು. ಬಸಿರಿನಲ್ಲಿ ಮಗುವಿನ ಕಣಗಳು ತಾಯಿಯ ರಕ್ತಕ್ಕೆ ಸೇರಿದಾಗ ಕೆಲವರಲ್ಲಿ ಬೇರೆಯವರ ಕಣಗಳ ಮೇಲೆ ಬೀಳುವ ಎಚ್‌ಎಲ್‌ಎ ಆಂಟಿಬಾಡಿ ಅಂತ ಹುಟ್ಟಿಕೊಳ್ಳುತ್ತದೆ. ತಾಯಿಗೆ ಅದರಿಂದ ಏನೂ ತೊಂದರೆಯಿಲ್ಲ. ಆದರೆ ಪ್ಲಾಸ್ಮಾ ಪಡೆದ ರೋಗಿಗೆ ಕೆಲವೇ ಗಂಟೆಗಳಲ್ಲಿ ಶ್ವಾಸಕೋಶದಲ್ಲಿ ನೀರು ತುಂಬಿ ಪ್ರಾಣಕ್ಕೇ ಬರಬಹುದು. ಉಸಿರಾಟದ ಕಾಯಿಲೆ ಇರುವವರಿಗಂತೂ ಇದು ಬಹಳ ಅಪಾಯ. ಅದಕ್ಕೇ ಕೆಲವು ಕೇಂದ್ರಗಳು ಗರ್ಭ ಧರಿಸಿದ್ದವರಿಂದ ಪ್ಲಾಸ್ಮಾ ತೆಗೆದುಕೊಳ್ಳುವುದೇ ಇಲ್ಲ. ಕೆಲವು ಕೇಂದ್ರಗಳು ಪರೀಕ್ಷೆ ಮಾಡಿ ಆ ಆಂಟಿಬಾಡಿ ಇಲ್ಲದವರಿಂದ ತೆಗೆದುಕೊಳ್ಳುತ್ತವೆ. ನನಗೆ ಇಬ್ಬರು ಮಕ್ಕಳು. ಪರೀಕ್ಷೆ ಮಾಡಿಸಿ, ಇಲ್ಲ ಅಂತ ಬಂದ ಮೇಲೇ ಕೊಟ್ಟೆ. ಗರ್ಭಪಾತ ಆಗಿದ್ದರೂ ಅದು ಲೆಕ್ಕಕ್ಕೆ ಬರುತ್ತದೆ. ಎಲ್ಲರ ಮುಂದೆ ಹೇಳಲು ಮುಜುಗರವಾದರೆ ಪಕ್ಕಕ್ಕೆ ಕರೆದು ಹೇಳಿ. ನಾವು ಅದನ್ನು ಯಾರಿಗೂ ಹೇಳುವುದಿಲ್ಲ.

ಹಿಂದಿನ ದಿನ, ಆ ದಿನ

ಹಿಂದಿನ ದಿನದಿಂದಲೇ ನೀರು ಚೆನ್ನಾಗಿ ಕುಡಿಯಿರಿ. ನೀರು ಕಡಿಮೆಯಾದರೆ ನರ ಒಳಗೆ ಸೇರಿಕೊಂಡುಬಿಡುತ್ತದೆ. (ನಾವು ನರ ಅನ್ನುತ್ತೇವೆ, ಅದು ರಕ್ತನಾಳ.) ರಾತ್ರಿ ನಿದ್ದೆ ಮಾಡಿ. ಖಾಲಿ ಹೊಟ್ಟೆಯಲ್ಲಿ ಬರಲೇಬೇಡಿ. ಆದರೆ ಎಣ್ಣೆ, ಕೊಬ್ಬು ಜಾಸ್ತಿ ಇರುವ ಊಟ ಮಾಡಿ ಬಂದರೆ ಪ್ಲಾಸ್ಮಾ ಹಾಲಿನಂತೆ ಬೆಳ್ಳಗೆ ಬರುತ್ತದೆ. ಆ ಬ್ಯಾಗನ್ನು ಬಳಸಲಾಗುವುದಿಲ್ಲ. ಕಣ್ಣೆದುರಿಗೇ ಒಂದು ಬ್ಯಾಗು ಹಾಗೆ ಹಾಳಾದಾಗ ದಾನಿಗೂ ಬೇಜಾರು, ನಮಗೂ ಬೇಜಾರು.

ತೋಳು ಮೇಲಕ್ಕೆ ಸುಲಭವಾಗಿ ಮಡಚುವಂಥ ಬಟ್ಟೆ ಹಾಕಿಕೊಳ್ಳಿ. ಒಂದು ಶಾಲೋ ಸ್ವೆಟರೋ ಜೊತೆಗಿರಲಿ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಗುರುತಿನ ಚೀಟಿ, ಕಾಯಿಲೆಯ ರಿಪೋರ್ಟು, ನಿಮ್ಮ ದಿನಾಂಕಗಳ ಹಾಳೆ ಮರೆಯಬೇಡಿ. ಎರಡು ಮೂರು ಗಂಟೆ ಬಿಡುವು ಮಾಡಿಕೊಂಡು ಬನ್ನಿ. ಮೆಷಿನ್ ಮೇಲೆ ಇರುವುದು ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ. ಮಿಕ್ಕದ್ದು ಫಾರಂ, ಪ್ರಶ್ನೆ, ತಪಾಸಣೆಗೆ.

ಸಹಿ ಮಾಡುವ ಮೊದಲು ಫಾರಂ ಓದಿ. ಓದಲು ಆಗದಿದ್ದರೆ ಓದಿಸಿ ಕೇಳಿ. ನಿಮ್ಮ ಪ್ಲಾಸ್ಮಾ ನೇರವಾಗಿ ರೋಗಿಗೆ ಹೋಗುತ್ತದೋ, ಅಧ್ಯಯನಕ್ಕೆ ಹೋಗುತ್ತದೋ, ಇಮ್ಯುನೊಗ್ಲಾಬ್ಯುಲಿನ್ ತಯಾರಿಕೆಗೆ ಹೋಗುತ್ತದೋ ಕೇಳಿ. ಈ ಕೊನೆಯದು ಅಂದರೆ ಬಹಳ ಜನರ ಪ್ಲಾಸ್ಮಾ ಸೇರಿಸಿ, ಆಂಟಿಬಾಡಿಗಳನ್ನು ಮಾತ್ರ ಬೇರ್ಪಡಿಸಿ, ಗಟ್ಟಿ ಮಾಡಿ ಚುಚ್ಚುಮದ್ದಾಗಿ ಮಾಡುವುದು. ನಾಯಿ ಕಚ್ಚಿದವರಿಗೆ ಲಸಿಕೆಯ ಜೊತೆ ಗಾಯದ ಸುತ್ತ ಕೊಡುವ ರೇಬೀಸ್ ಇಮ್ಯುನೊಗ್ಲಾಬ್ಯುಲಿನ್ ಇದೇ ಜಾತಿಯದು.

ಕುರ್ಚಿಯಲ್ಲಿ

ರಕ್ತದಾನ ಮಾಡಿದ ಅಭ್ಯಾಸ ಇದ್ದವರಿಗೂ ಇದು ಸ್ವಲ್ಪ ಬೇರೆ. ಸೂಜಿ ದಪ್ಪನೆಯದೇ. ಚುಚ್ಚುವ ಆ ಕ್ಷಣ ನೋವಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆಮೇಲೆ ನೋವಿರಬಾರದು. ಉರಿ, ಊತ, ಜೋರು ನೋವು ಇದ್ದರೆ ಸಹಿಸಿಕೊಂಡು ಕೂರಬೇಡಿ, ತಕ್ಷಣ ಹೇಳಿ. ಸೂಜಿ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಎಷ್ಟೋ ಜನ "ಪರವಾಗಿಲ್ಲ ಸಿಸ್ಟರ್" ಅಂತ ಹಲ್ಲು ಕಚ್ಚಿ ಕೂತಿರುತ್ತಾರೆ. ತೋಳು ನೀಲಿಗಟ್ಟಿದ ಮೇಲೆ ನಮಗೆ ಗೊತ್ತಾಗುತ್ತದೆ.

ಮೆಷಿನ್ ನಿಮ್ಮ ರಕ್ತವನ್ನು ಸ್ವಲ್ಪ ಸ್ವಲ್ಪವಾಗಿ ಎಳೆದುಕೊಂಡು ಜೋರಾಗಿ ತಿರುಗಿಸುತ್ತದೆ. ಭಾರದ ಕೆಂಪು ಕಣಗಳು ಒಂದು ಕಡೆ, ಹಗುರ ಪ್ಲಾಸ್ಮಾ ಇನ್ನೊಂದು ಕಡೆ. ಪ್ಲಾಸ್ಮಾ ಬ್ಯಾಗಿಗೆ, ಕಣಗಳು ವಾಪಸ್ ನಿಮ್ಮ ಮೈಗೆ. ಒಂದೇ ಸೂಜಿಯ ಮೆಷಿನ್ ಆದರೆ ಎಳೆಯುವುದು, ಮರಳಿಸುವುದು, ಹೀಗೆ ಹಲವು ಸುತ್ತು ನಡೆಯುತ್ತದೆ. ತೋಳಿನ ಪಟ್ಟಿ ಬಿಗಿಯಾದಾಗ ಎಳೆಯುತ್ತಿದೆ ಅಂತ ತಿಳಿಯಿರಿ, ಆಗ ಮುಷ್ಟಿಯನ್ನು ನಿಧಾನಕ್ಕೆ ಬಿಗಿ ಮಾಡಿ ಬಿಡುತ್ತಿರಿ. ಪಟ್ಟಿ ಸಡಿಲವಾದಾಗ ಮರಳಿಸುತ್ತಿದೆ, ಆಗ ಕೈ ಬಿಚ್ಚಿ ಸುಮ್ಮನಿರಿ. ಹೊರಗೆ ತಿರುಗಿ ತಣ್ಣಗಾದ ರಕ್ತ ಒಳಗೆ ಬರುವಾಗ ಮೈ ಚಳಿಯೆನಿಸುತ್ತದೆ. ಶಾಲು ತನ್ನಿ ಅಂದದ್ದು ಇದಕ್ಕೇ.

ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನಬಹುದು. ಬಾಯಲ್ಲಿ ಒಂಥರಾ ಲೋಹದ ರುಚಿ ಬರಬಹುದು. ಗಾಬರಿ ಬೇಡ. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಸಿಟ್ರೇಟ್ ಬೆರೆಸಿರುತ್ತಾರೆ. ಅದು ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ, ಅದಕ್ಕೇ ಜುಮ್ಮೆನ್ನುವುದು. ಹೇಳಿದರೆ ನಾವು ಮೆಷಿನ್ ವೇಗ ಇಳಿಸುತ್ತೇವೆ, ಅಗಿಯಲು ಕ್ಯಾಲ್ಸಿಯಂ ಮಾತ್ರೆ ಕೊಡುತ್ತೇವೆ. ನಿಮಿಷಗಳಲ್ಲಿ ಸರಿಹೋಗುತ್ತದೆ. ಹೇಳದೆ ಬಿಟ್ಟರೆ ಕೈಕಾಲು ಸೆಟೆದುಕೊಳ್ಳುವ ತನಕ ಹೋಗಬಹುದು. ಮೊದಲ ಜುಮ್ಮಿಗೇ ಬಾಯಿ ಬಿಡಿ.

ಬ್ಯಾಗಿನ ಬಣ್ಣ ನೋಡಿ ಕೆಲವರು ಹೆದರುತ್ತಾರೆ. ಒಣಹುಲ್ಲಿನ ಹಳದಿ ಸಾಮಾನ್ಯ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರದ್ದು ಹಸಿರು ಛಾಯೆಗೆ ತಿರುಗಿರಬಹುದು. ಅದರಲ್ಲಿ ದೋಷವಿಲ್ಲ.

ಒಂದು ಸಲಕ್ಕೆ ತೆಗೆಯುವುದು ತೂಕ ಮತ್ತು ಆ ದೇಶದ ನಿಯಮ ನೋಡಿಕೊಂಡು ಸುಮಾರು 500ರಿಂದ 800 ಮಿಲಿಲೀಟರ್. ಒಬ್ಬರದ್ದನ್ನು 200 ಮಿಲಿಲೀಟರಿನ ಬ್ಯಾಗುಗಳಾಗಿ ಹಂಚಿದರೆ ಎರಡರಿಂದ ನಾಲ್ಕು ರೋಗಿಗಳಿಗೆ ಆಗುತ್ತದೆ.

"ನನ್ನ ಆಂಟಿಬಾಡಿ ಕೊಟ್ಟುಬಿಟ್ಟರೆ ಮತ್ತೆ ನನಗೇ ಕಾಯಿಲೆ ಬರುವುದಿಲ್ವಾ?" ದಿನಕ್ಕೆ ಒಬ್ಬರಾದರೂ ಇದನ್ನು ಕೇಳುತ್ತಾರೆ. ನಾವು ತೆಗೆಯುವುದು ಒಂದು ಪಾಲು ಮಾತ್ರ. ಐಜಿಜಿಯ ಹೆಚ್ಚುಕಡಿಮೆ ಅರ್ಧ ರಕ್ತನಾಳದ ಹೊರಗೇ, ಮೈಯ ಬೇರೆ ಕಡೆ ಇರುತ್ತದೆ. ಅದು ಒಳಗೆ ಬಂದು ಸರಿದೂಗಿಸುತ್ತದೆ. ಅದನ್ನು ತಯಾರಿಸುವ ಕಣಗಳೂ ನಿಮ್ಮಲ್ಲೇ ಉಳಿಯುತ್ತವೆ. ಹೋದ ದ್ರವ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಪ್ಲಾಸ್ಮಾವನ್ನು ಎಷ್ಟು ಸಲ ಕೊಡಬಹುದು ಅನ್ನುವುದಕ್ಕೆ ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಅವರನ್ನು ನಾನು ನೆನಪು ಮಾಡಿಕೊಡುತ್ತೇನೆ. ತಾಯಿ ಮತ್ತು ಮಗುವಿನ ಆರ್‌ಎಚ್ ಹೊಂದಾಣಿಕೆಯ ತೊಂದರೆ ತಡೆಯುವ ಆಂಟಿಬಾಡಿ ಅವರ ರಕ್ತದಲ್ಲಿತ್ತು. 1,173 ಸಲ ಕೊಟ್ಟರು. 2018ರಲ್ಲಿ, 81ನೇ ವಯಸ್ಸಿನಲ್ಲಿ, ವಯಸ್ಸಿನ ಮಿತಿಯಿಂದಾಗಿ ನಿಲ್ಲಿಸಬೇಕಾಯಿತು.

ಎರಡು ದಾನಗಳ ನಡುವಿನ ಅಂತರ ಮಾತ್ರ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದಲ್ಲಿ ವಾರಕ್ಕೆ ಎರಡು ಸಲದ ತನಕ ಒಪ್ಪುತ್ತಾರೆ, ಹಲವು ದೇಶಗಳಲ್ಲಿ ಎರಡು ವಾರ ಬಿಡಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಕಾಯಿಲೆಯಿಂದ ಈಗಷ್ಟೇ ಎದ್ದವರಿಗೆ ಎರಡು ವಾರವೇ ಸರಿ.

ಬೇಡ ಅಂದರೆ

ಹಿಮೋಗ್ಲೋಬಿನ್ ಕಡಿಮೆ, ನರ ಸಣ್ಣದು, ಮಟ್ಟ ಇಳಿದಿದೆ, ಎಚ್‌ಎಲ್‌ಎ ಆಂಟಿಬಾಡಿ ಇದೆ. ಬೇಡ ಅನ್ನಲು ನೂರು ಕಾರಣ. ಕಣ್ಣಲ್ಲಿ ನೀರು ಹಾಕಿಕೊಂಡು ಹೋದವರನ್ನು ನೋಡಿದ್ದೇನೆ. ಮನೆಯಲ್ಲಿ ಒಬ್ಬರನ್ನು ಕಳೆದುಕೊಂಡು, ಇನ್ನೊಬ್ಬರಾದರೂ ಉಳಿಯಲಿ ಅಂತ ಬಂದವರು. ಅಂಥವರಿಗೆ ನಾನು ಎಬೋಲಾದ ಒಂದು ಕಥೆ ಹೇಳುತ್ತೇನೆ.

1995ರಲ್ಲಿ ಕಾಂಗೋದ ಕಿಕ್ವಿಟ್ ಊರಿನಲ್ಲಿ ಎಬೋಲಾ ಬಂತು. ಬದುಕಿ ಉಳಿದ ಒಬ್ಬರು ಹನ್ನೊಂದು ವರ್ಷದ ಮೇಲೆ ಸ್ವಲ್ಪ ರಕ್ತ ಕೊಟ್ಟರು, ಪ್ಲಾಸ್ಮಾ ಅಲ್ಲ. ಆ ರಕ್ತದಲ್ಲಿದ್ದ, ಹಳೆಯ ಸೋಂಕನ್ನು ನೆನಪಿಟ್ಟುಕೊಳ್ಳುವ ಕಣಗಳಿಂದ ವಿಜ್ಞಾನಿಗಳು ಒಂದು ಆಂಟಿಬಾಡಿಯನ್ನು ಹೆಕ್ಕಿದರು. ಅದೇ ಅನ್ಸುವಿಮ್ಯಾಬ್ ಅನ್ನುವ ಔಷಧಿಯಾಗಿ 2020ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಪ್ಲಾಸ್ಮಾದಲ್ಲಿನ ಆಂಟಿಬಾಡಿ ಇಳಿದರೂ ಆ ಕಣಗಳು ವರ್ಷಗಟ್ಟಲೆ ಉಳಿಯಬಹುದು. ಹಾಗಾಗಿ ಪ್ಲಾಸ್ಮಾಕ್ಕೆ ಬೇಡ ಅಂದವರು "ಅಧ್ಯಯನಕ್ಕೆ ರಕ್ತದ ಸ್ಯಾಂಪಲ್ ಬೇಕಾ?" ಅಂತ ಕೇಳಿ, ನಂಬರ್ ಕೊಟ್ಟು ಹೋಗಿ. ದಿನಾಂಕಗಳ ಹಾಳೆ ಅಲ್ಲೂ ಬೇಕಾಗುತ್ತದೆ.

ಮನೆಗೆ ಹೋದ ಮೇಲೆ

ಸೂಜಿ ತೆಗೆದ ಜಾಗವನ್ನು ಐದು ನಿಮಿಷ ಒತ್ತಿ ಹಿಡಿಯಿರಿ, ಉಜ್ಜಬೇಡಿ. ಕಾಲು ಗಂಟೆ ಅಲ್ಲೇ ಕೂತು ಏನಾದರೂ ತಿಂದು ಕುಡಿದು ಏಳಿ. ಆ ದಿನ ಆ ಕೈಯಲ್ಲಿ ಭಾರ ಎತ್ತಬೇಡಿ, ಜೋರು ವ್ಯಾಯಾಮ ಬೇಡ. ತಲೆ ಸುತ್ತಿದರೆ ನಿಂತಲ್ಲೇ ಕೂತುಬಿಡಿ ಅಥವಾ ಮಲಗಿ ಕಾಲು ಮೇಲೆ ಇಟ್ಟುಕೊಳ್ಳಿ. ಚುಚ್ಚಿದ ಜಾಗ ಸ್ವಲ್ಪ ನೀಲಿಯಾದರೆ ಕೆಲವು ದಿನಗಳಲ್ಲಿ ಹೋಗುತ್ತದೆ. ಊತ ಏರುತ್ತಾ ಹೋದರೆ, ಕೈ ಮರಗಟ್ಟಿದರೆ ಫೋನ್ ಮಾಡಿ.

ಇನ್ನೊಂದು ಫೋನ್ ಇದೆ, ಅದನ್ನು ಮಾತ್ರ ತಪ್ಪಿಸಬೇಡಿ. ಕೊಟ್ಟ ಮೇಲಿನ ಎರಡು ವಾರದಲ್ಲಿ ಜ್ವರವೋ ಬೇರೆ ಸೋಂಕಿನ ಲಕ್ಷಣವೋ ಕಂಡರೆ, ಅಥವಾ ಫಾರಂನಲ್ಲಿ ಹೇಳಲು ಮರೆತದ್ದು ನೆನಪಾದರೆ, ಕೇಂದ್ರಕ್ಕೆ ತಿಳಿಸಿ. ಒಮ್ಮೆ ಒಬ್ಬ ದಾನಿ ಮೂರನೇ ದಿನ ಬೆಳಿಗ್ಗೆ ಫೋನ್ ಮಾಡಿದರು. "ಸಿಸ್ಟರ್, ರಾತ್ರಿಯಿಂದ ಜ್ವರ. ಹೇಳಬೇಕೋ ಬೇಡವೋ ಗೊತ್ತಾಗಲಿಲ್ಲ, ಆದರೂ ಮಾಡಿದೆ." ಅವರ ಎರಡು ಬ್ಯಾಗುಗಳು ಇನ್ನೂ ಫ್ರೀಜರಿನಲ್ಲೇ ಇದ್ದವು. ನಂಬರ್ ನೋಡಿ ಹುಡುಕಿ ಹೊರಗಿಟ್ಟೆ. ಯಾಕೆ ಅನ್ನುವುದನ್ನು ರಿಜಿಸ್ಟರಿನಲ್ಲಿ ಬರೆದು ಪಕ್ಕದಲ್ಲಿ ಆ ದಿನದ ತಾರೀಕು ಹಾಕಿದೆ.